ಗಯೆಯಲ್ಲಿ ಬಿಟ್ಟ ಸೇಬು

ಮೀರಾ ಮೆಸಾ, ಸ್ಯಾನ್ ಡಿಯಾಗೊ
ಅಕ್ಟೋಬರ್ ೧೭, ೨೦೨೪, ಗುರುವಾರ

ಪ್ರೀತಿಯ ಅನಸೂಯಕ್ಕಾ,

ನಿನ್ನ ತಮ್ಮ ಸತ್ಯು ಇಲ್ಲಿಂದಲೇ ನಿನ್ನ ಕಾಲು ಮುಟ್ಟುತ್ತಿದ್ದಾನೆ. ಪೊರೆ ತೆಗೆಸಿದ ಮೇಲೆ ಬಲಗಣ್ಣು ಹೇಗಿದೆ? ‘ಅಮ್ಮ ಈಗ ಪಂಚಾಂಗದ ಸಣ್ಣಕ್ಷರಾನೂ ಓದ್ತಾಳೆ ಮಾಮ’ ಎಂದು ಹರಿಣಿ ಮೊನ್ನೆ ಹೇಳಿದಳು. ಹಾಗಾದರೆ ನನ್ನ ಕೋಳಿಕಾಲಿನ ಅಕ್ಷರವನ್ನೂ ಓದಬಲ್ಲೆ. ಇದನ್ನು ನೀನೇ ಓದಿಕೋ, ಮಗಳ ಕೈಯಲ್ಲಿ ಓದಿಸಬೇಡ. ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯಾ? ‘ನೆಟ್ಟಗಿದೀನಲ್ಲ, ಮಾತ್ರೆ ಯಾಕೆ’ ಎಂದು ತಿಂಗಳಿಗೊಮ್ಮೆ ಬಿಪಿ ಮಾತ್ರೆ ನಿಲ್ಲಿಸುವ ಚಾಳಿ ಹೋಗಿದೆಯೋ ಇಲ್ಲವೋ? ನಿನ್ನ ತಮ್ಮನದು ಎಪ್ಪತ್ತೆರಡರ ಗಾಡಿ, ಸದ್ದು ಮಾಡಿಕೊಂಡು ಓಡುತ್ತಿದೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಾನು ಕಲಾವತಿಯ ಹೆಸರೆತ್ತಿದ ಕೂಡಲೇ ‘ಕುಕ್ಕರ್ ಕೂಗ್ತಿದೆ ಕಣೋ, ಇಡ್ತೀನಿ’ ಎನ್ನುತ್ತೀಯ. ಮೂರೂವರೆ ವರ್ಷದಿಂದ ನಿಮ್ಮ ಮನೆಯ ಕುಕ್ಕರ್ ನನ್ನ ಹೆಂಡತಿಯ ಹೆಸರು ಕೇಳಿದಾಗಲೆಲ್ಲ ಕೂಗುತ್ತಿದೆ. ಅಷ್ಟು ಸಲ ಬೇಳೆ ಬೆಂದಿದ್ದರೆ ಇಡೀ ಕುವೆಂಪುನಗರಕ್ಕೆ ಸಾರಾಗುತ್ತಿತ್ತು. ಕಾಗದವಾದರೆ ಸಿಟ್ಟಿನಲ್ಲಿ ಮಡಿಚಿಟ್ಟರೂ ಮಧ್ಯಾಹ್ನ ಮತ್ತೆ ಬಿಚ್ಚಿ ಓದುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಪಕ್ಕದ ಮನೆಯ ಗುರುಕಿರಣ್, ಟೆಲಿಕಾಂ ಕಂಪನಿಯ ಹುಡುಗ, ನೀನು ಇಲ್ಲಿದ್ದಾಗ ಕರಿಬೇವು ತಂದುಕೊಡುತ್ತಿದ್ದನಲ್ಲ, ಅವನು ಈ ಭಾನುವಾರ ಬೆಂಗಳೂರಿಗೆ ಹೊರಟಿದ್ದಾನೆ. ಬುಧವಾರದೊಳಗೆ ಮೈಸೂರಿಗೆ ಬಂದು ಈ ಕಾಗದವನ್ನೂ ಜೊತೆಗೊಂದು ಬಾಟಲಿಯನ್ನೂ ನಿನ್ನ ಕೈಗೇ ಕೊಡುತ್ತಾನೆ. ಬಾಟಲಿಯ ವಿಷಯ ಆಮೇಲೆ ಹೇಳುತ್ತೇನೆ.

ಕಲಾವತಿಯದನ್ನು ಸುತ್ತಿಬಳಸಿ ಹೇಳುವುದಿಲ್ಲ. ಪಿತ್ತಕೋಶದ ಕ್ಯಾನ್ಸರ್ ಲಿವರಿಗೆ ಹರಡಿದೆ. ಹರಿಣಿ ನಿನಗೆ ಹೇಳಿದ್ದಾಳೆ, ನೀನು ‘ದೇವರು ನೋಡ್ಕೋತಾನೆ’ ಎಂದೆಯಂತೆ. ದೇವರ ಮಾತು ನನಗೆ ಗೊತ್ತಿಲ್ಲ, ಡಾಕ್ಟರುಗಳು ಆಗಸ್ಟಿನಲ್ಲೇ ಕೀಮೋ ನಿಲ್ಲಿಸಿ ಮನೆಗೆ ಕಳಿಸಿದರು. ಅಡುಗೆಮನೆಗೆ ಹೊಂದಿಕೊಂಡ ಹಾಲಿನಲ್ಲೇ ಹಾಸಿಗೆ ಹಾಕಿದ್ದೇವೆ, ಮೆಟ್ಟಿಲು ಹತ್ತಲು ಅವಳಿಗೆ ಆಗುವುದಿಲ್ಲ. ವಾರಕ್ಕೆರಡು ಸಲ ನರ್ಸ್ ಬಂದು ನೋವಿನ ಔಷಧಿಯ ಪ್ರಮಾಣ ಹೇಳಿ ಹೋಗುತ್ತಾಳೆ. ಮೊನ್ನೆ ಮಂಗಳವಾರ ಅವಳು ನನ್ನನ್ನು ಗರಾಜಿಗೆ ಕರೆದು, ‘ಟೂ ವೀಕ್ಸ್, ಮೇ ಬಿ ತ್ರೀ’ ಎಂದಳು. ದೀಪಾವಳಿಗೆ ಎಷ್ಟು ದಿನ ಎಂದು ಕ್ಯಾಲೆಂಡರ್ ನೋಡಿದೆ, ಆಮೇಲೆ ಎಣಿಸುವುದನ್ನು ಬಿಟ್ಟೆ. ಮಗಳು ಸುರಭಿ ಪ್ರತಿ ಶುಕ್ರವಾರ ವುಡ್‌ಲ್ಯಾಂಡ್ ಹಿಲ್ಸಿನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ನಿಕಿತಾಳನ್ನು ಕರೆದುಕೊಂಡು ಬರುತ್ತಾಳೆ. ಭಾನುವಾರ ಹೊರಡುವಾಗ ಮಗಳನ್ನು ಹಿಂದೆ ಕೂರಿಸಿ ಸ್ಟೀರಿಂಗಿಗೆ ತಲೆಯಿಟ್ಟು ಅಳುತ್ತಾಳೆ, ಕಣ್ಣೊರೆಸಿಕೊಂಡು ಆಮೇಲೆ ಗಾಡಿ ತೆಗೆಯುತ್ತಾಳೆ. ನಾನು ಕಿಟಕಿಯ ಹತ್ತಿರ ನಿಂತಿದ್ದರೂ ಕಾಣದವನ ಹಾಗೆ ಪರದೆ ಸರಿಮಾಡುತ್ತೇನೆ.

ಕಲಾವತಿ ದಿನಕ್ಕೆ ನಾಲ್ಕು ಚಮಚ ಗಂಜಿ ಕುಡಿದರೆ ಹೆಚ್ಚು. ಆದರೆ ಸಂಜೆಯಾದರೆ ತಪ್ಪದೆ ಒಂದು ಪ್ರಶ್ನೆ, ‘ಅನಸೂಯಕ್ಕ ಫೋನ್ ಮಾಡಿದ್ರಾ?’ ಒಂದೆರಡು ಸಲ, ಮಾಡಿದ್ದಳು, ನೀನು ಮಲಗಿದ್ದೆ, ಎಬ್ಬಿಸಬೇಡ ಅಂದಳು ಎಂದು ಹೇಳಿ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡೇ ‘ಇರ್ಲಿ ಬಿಡಿ’ ಎಂದಳು. ಆಮೇಲೆ ನಾನು ಆ ಸುಳ್ಳನ್ನು ಹೇಳಲಿಲ್ಲ.

ಹೋದ ಶನಿವಾರ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ‘ಈ ವರ್ಷ ಆಪಲ್ ಬಟರ್ ಮಾಡಲ್ವಾ ರೀ’ ಎಂದಳು. ನಾನು ಕಿವಿ ಸರಿಯಾಗಿ ಕೇಳಲಿಲ್ಲವೇನೋ ಅಂದುಕೊಂಡೆ. ಸುರಭಿ ಹುಟ್ಟುವ ಮೊದಲಿನಿಂದ ಈ ಮನೆಯಲ್ಲಿ ಅಕ್ಟೋಬರ್ ಎಂದರೆ ಅದೇ. ಹೆಸರಿಗೆ ಬಟರ್, ಒಳಗೆ ಒಂದು ಹನಿ ಬೆಣ್ಣೆಯಿಲ್ಲ. ಸೇಬನ್ನು ಲೇಹ್ಯದ ಹದಕ್ಕೆ ಕಾಯಿಸುವುದು, ಅಷ್ಟೇ. ಟೊರ್ರಿ ಪೈನ್ಸಿನ ನಮ್ಮ ಲ್ಯಾಬಿನಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಹೆಂಗಸಿದ್ದಳು, ಅವಳು ಕಲಿಸಿಕೊಟ್ಟದ್ದು. ಕಲಾವತಿ ಅದಕ್ಕೆ ಒಣಶುಂಠಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ನಮ್ಮದಾಗಿ ಮಾಡಿಕೊಂಡಳು. ಇಲ್ಲಿ ಶರತ್ಕಾಲ ಎಂದರೆ ಎಲೆ ಕೆಂಪಾಗುವುದೆಲ್ಲ ಇಲ್ಲ. ಮರುಭೂಮಿಯ ಕಡೆಯಿಂದ ಒಣ ಬಿಸಿಗಾಳಿ ಬೀಸುತ್ತದೆ, ತುಟಿ ಒಡೆಯುತ್ತದೆ, ಎಲ್ಲಿ ಕಾಡಿಗೆ ಬೆಂಕಿ ಬಿತ್ತೋ ಎಂದು ಜನ ಮೂಗು ಮೇಲೆತ್ತಿ ನೋಡುತ್ತಾರೆ. ಅಂಥ ಗಾಳಿಯಲ್ಲಿ ಒಂದು ಗಂಟೆ ಗಾಡಿ ಓಡಿಸಿಕೊಂಡು ಬೆಟ್ಟದ ಮೇಲಿನ ಜೂಲಿಯನ್ ಊರಿಗೆ ಹೋಗಿ ಇಪ್ಪತ್ತು ಪೌಂಡ್ ಸೇಬು ತಂದೆ. ಪ್ರತಿ ವರ್ಷ ಪಕ್ಕದ ಸೀಟಿನಲ್ಲಿ ಕೂತು ‘ಸ್ಪೀಡು ಸ್ಪೀಡು’ ಎನ್ನುವವಳಿಲ್ಲದೆ ಮೊದಲ ಸಲ ಹೋದದ್ದು. ತಿರುವುಗಳಲ್ಲಿ ನಾನೇ ನಿಧಾನ ಮಾಡಿದೆ.

ಸಿಪ್ಪೆ ಸಮೇತ ಹೆಚ್ಚಿ, ಸೇಬಿನ ರಸದಲ್ಲೇ ಬೇಯಿಸಿ, ಜರಡಿಯಲ್ಲಿ ತಿಕ್ಕಿ, ಸಕ್ಕರೆ ಚಕ್ಕೆ ಲವಂಗ ಹಾಕಿ ಸಣ್ಣ ಉರಿಯಲ್ಲಿ ಆರು ಗಂಟೆ. ನಿಕಿತಾ ಜರಡಿ ಹಿಡಿದಳು, ನಾನು ತಿರುವಿದೆ, ಕಲಾವತಿ ದಿಂಬಿಗೆ ಒರಗಿಕೊಂಡು ಕಣ್ಣು ಮುಚ್ಚಿ ಮೂಗಿನಲ್ಲೇ ಮೇಲ್ವಿಚಾರಣೆ ಮಾಡಿದಳು. ‘ಉರಿ ಕಮ್ಮಿ ಮಾಡಿ, ಇದು ನಿಮ್ಮ ಲ್ಯಾಬಲ್ಲ.’ ‘ತಳ ಹಿಡೀತಿದೆ, ವಾಸನೆ ಬರ್ತಿಲ್ವಾ?’ ಹಿಡಿದಿತ್ತು ಕೂಡ. ಮೂವತ್ತು ವರ್ಷ ಹಣ್ಣಿನ ರಸ ಗಟ್ಟಿಯಾಗಿಸುವ ಪೆಕ್ಟಿನ್ ಬಗ್ಗೆ ಪಾಠ ಹೇಳಿದವನು ನಾನು, ಹದ ಮಾತ್ರ ಅವಳಿಗೇ ಗೊತ್ತು. ತಣ್ಣಗಿನ ತಟ್ಟೆಗೆ ಒಂದು ತೊಟ್ಟು ಹಾಕಿದರೆ ಸುತ್ತ ನೀರು ಬಿಡಬಾರದು. ಮೂರು ಸಲ ತಟ್ಟೆ ತಂದು ತೋರಿಸಿದೆ, ಮೂರನೆಯ ಸಲ ‘ಹಾಂ’ ಎಂದಳು. ನಿಕಿತಾ ಬಿಸಿ ಬ್ರೆಡ್ಡಿನ ಮೇಲೆ ದಪ್ಪಗೆ ಬಳಿದುಕೊಂಡು ನಾಲ್ಕು ತಿಂದಳು. ನಾನು ಚಪಾತಿ ಮಾಡಿಕೊಂಡೆ. ಕಲಾವತಿ ಬೆರಳ ತುದಿಗೆ ಹಚ್ಚಿಸಿಕೊಂಡು ನೆಕ್ಕಿ, ‘ನಂಗೆ ಬರೀ ತಗಡಿನ ರುಚಿ ಬರ್ತಿದೆ. ನೀವ್ ಹೇಳಿ, ಹೇಗಾಗಿದೆ?’ ಎಂದಳು. ಪ್ರತಿ ವರ್ಷದ ಹಾಗೇ ಇದೆ ಎಂದೆ. ಕೈಯಲ್ಲಿದ್ದ ಚಪಾತಿಯನ್ನು ಅಡುಗೆಮನೆಗೆ ಹೋಗಿ ತಿಂದೆ.

ಈಗ ನಿನ್ನ ಮುಖ ಗಂಟಾಗಿರುತ್ತದೆ. ಸೇಬಿನ ಹೆಸರನ್ನೇ ಯಾಕೆ ಎತ್ತಿದ ಈ ಪೆದ್ದ ಎಂದುಕೊಳ್ಳುತ್ತಿರುತ್ತೀಯ. ಎತ್ತಲೇಬೇಕು ಅಕ್ಕಾ. ಭಾವ ಹೋದ ಮರುವರ್ಷ ನೀನು ಗಯೆಗೆ ಹೋದೆ. ಅಲ್ಲಿ ವಟವೃಕ್ಷದ ಕೆಳಗೆ ಪಿಂಡ ಹಾಕಿದ ಮೇಲೆ ಒಂದು ಹಣ್ಣು, ಒಂದು ತರಕಾರಿ ಜನ್ಮಪೂರ್ತಿ ಬಿಡಬೇಕಲ್ಲ. ನಮ್ಮವರು ಏನು ಬಿಡುತ್ತಾರೆಂದು ಲೋಕಕ್ಕೇ ಗೊತ್ತು. ಯಾರೂ ಮಾವು ಬಿಡುವುದಿಲ್ಲ, ಬದನೆಕಾಯಿ ಬಿಡುವುದಿಲ್ಲ. ಅಮ್ಮನ ಕಾರ್ಯಕ್ಕೆ ಹೋದಾಗ ನಾನು ಬಿಟ್ಟದ್ದು ಹಲಸಿನಹಣ್ಣು, ಸ್ಯಾನ್ ಡಿಯಾಗೊದಲ್ಲಿ ಹೇಗೂ ಸಿಗುವುದಿಲ್ಲವೆಂಬ ಲೆಕ್ಕ. ಈಗ ಮೀರಾ ಮೆಸಾದ ಅಂಗಡಿಗಳಲ್ಲಿ ಅದೂ ಬಂದಿದೆ, ತಿನ್ನುತ್ತೇನೆ ಕೂಡ. ನೀನು ಮಾತ್ರ ಸೇಬು ಬಿಟ್ಟೆ. ಭಾವ ಸಂಬಳದ ದಿನ ದೇವರಾಜ ಮಾರ್ಕೆಟ್ಟಿನಿಂದ ನೀಲಿ ಕಾಗದದಲ್ಲಿ ಸುತ್ತಿದ ಒಂದೇ ಒಂದು ಸೇಬು ತರುತ್ತಿದ್ದರು, ನಿನಗೆಂದೇ. ನೀನು ಅದನ್ನು ಎಂಟು ಹೋಳು ಮಾಡಿ ಎಂಎಸ್ಸಿ ಓದಲು ನಿಮ್ಮ ಮನೆಯಲ್ಲಿ ಬಿದ್ದಿದ್ದ ನನಗೆ ಐದು ಕೊಡುತ್ತಿದ್ದೆ. ನಲವತ್ತು ವರ್ಷದ ಸಂಸಾರದಲ್ಲಿ ನಿನಗೆ ಅವರಿಂದ ಬಂದ ದೊಡ್ಡ ಸುಖ ಅದೇ ಇರಬೇಕು, ಅದನ್ನೇ ಅವರ ಹೆಸರಲ್ಲಿ ಬಿಟ್ಟುಬಂದೆ. ಗಯೆಯಲ್ಲಿ ಮೋಸ ಮಾಡದೆ ಬಿಟ್ಟವರನ್ನು ನಾನು ನೋಡಿದ್ದು ನಿನ್ನೊಬ್ಬಳನ್ನೇ.

ಎರಡು ಸಾವಿರದ ಇಪ್ಪತ್ತರ ಆ ಶರತ್ಕಾಲ ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ಮೂರು ತಿಂಗಳಿಗೆಂದು ಬಂದವಳು ಕೋವಿಡ್ಡಿನಲ್ಲಿ ವಿಮಾನ ನಿಂತು ಸಿಕ್ಕಿಹಾಕಿಕೊಂಡೆ. ವೀಸಾ ಎಕ್ಸ್‌ಟೆನ್ಷನ್ನಿಗೆ ಎರಡು ಸಲ ಅಪ್ಲೈ ಮಾಡಿದೆವು. ಸೆಪ್ಟೆಂಬರಿನಲ್ಲಿ ಕಾಡಿನ ಬೆಂಕಿಯ ಬೂದಿ ಕಾರಿನ ಮೇಲೆ, ತುಳಸಿ ಕುಂಡದ ಮೇಲೆ ಕೂತಿತು, ಕಿಟಕಿ ತೆರೆಯುವಂತಿರಲಿಲ್ಲ. ನೀನು ಮಹಡಿಯ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದವಳು ಏಳುವುದನ್ನೇ ಬಿಟ್ಟೆ. ಮೊಸರನ್ನ ಎರಡು ತುತ್ತು, ಅದೂ ಬೈದರೆ. ತೂಕ ನಲವತ್ತೊಂದು ಕಿಲೋಗೆ ಇಳಿಯಿತು. ವಿಡಿಯೋದಲ್ಲಿ ನೋಡಿದ ಡಾಕ್ಟರ್, ಹೇಗಾದರೂ ತಿನ್ನಿಸಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದರು. ಆಗ ಆಸ್ಪತ್ರೆಗೆ ಹೋದವರು ಒಂಟಿಯಾಗಿ ಸಾಯುತ್ತಿದ್ದ ಕಾಲ. ಹರಿಣಿಗೆ ಏನು ಹೇಳಲಿ ಎಂಬ ಭಯ ನನಗೆ. ಅಂಥ ಒಂದು ಮಧ್ಯಾಹ್ನ ನೀನು ಮಲಗಿದಲ್ಲಿಂದಲೇ ‘ಏನೋ ಅದು, ಲೇಹ್ಯದ ಥರ ಘಮ ಘಮ ಅಂತಿದೆ’ ಎಂದೆ. ವಾರದಲ್ಲಿ ನೀನು ಆಡಿದ ಮೊದಲ ಮಾತು ಅದು. ನಾನು ಬಟ್ಟಲಲ್ಲಿ ಹಾಕಿಕೊಂಡು ಮೇಲೆ ಬಂದೆ. ನೀನಿದ್ದೀಯೆಂದು ಈ ಸಲ ಸೇಬು ಬೇಡವೆಂದು ಸಿಹಿಗುಂಬಳದಲ್ಲಿ ಮಾಡಿದ್ದಾಳಂತೆ ಎಂದೆ. ನೀನು ಒಂದು ಚಮಚ ತಿಂದೆ, ಎದ್ದು ಕೂತೆ, ಚಪಾತಿ ಇದೆಯಾ ಎಂದು ಕೇಳಿದೆ. ಯುಗಾದಿಯ ಹತ್ತಿರ ಊರಿಗೆ ಹೊರಡುವ ಹೊತ್ತಿಗೆ ನಲವತ್ತೇಳು ಕಿಲೋ ಆಗಿದ್ದೆ.

ಹೊರಡುವ ಹಿಂದಿನ ದಿನ ನಡೆದದ್ದನ್ನು ನಾನು ವಿವರಿಸಬೇಕಾಗಿಲ್ಲ. ‘ಒಂದು ಬಾಟ್ಲಿ ಕಟ್ಕೊಡು ಕಲಾ, ಹರಿಣಿಗೂ ತೋರಿಸ್ತೀನಿ, ಕುಂಬಳಕಾಯಿ ಎಷ್ಟು ಹಾಕ್ಬೇಕು’ ಎಂದು ನೀನು ಕೇಳುತ್ತಿರುವಾಗ ಏಳು ವರ್ಷದ ನಿಕಿತಾ ಮಧ್ಯೆ ಬಾಯಿ ಹಾಕಿ, ‘ಬಟ್ ದೊಡ್ಡಜ್ಜಿ, ಇಟ್ಸ್ ಆಲ್ ಆಪಲ್ಸ್’ ಎಂದಳು. ಕಲಾವತಿ, ‘ನಾನೇ ಮಾಡಿದ್ದು ಅನಸೂಯಕ್ಕ. ನೀವು ತಿನ್ಲಿ ಅಂತ. ಇವರಿಗೂ ಕುಂಬಳಕಾಯಿ ಅಂತಲೇ ಹೇಳಿದ್ದೆ’ ಎಂದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನೀನು ಬೈಯಲಿಲ್ಲ. ಸಿಂಕಿನ ಹತ್ತಿರ ಹೋಗಿ ಬಾಯಿ ತೊಳೆದುಕೊಂಡೆ, ಮತ್ತೆ ಮತ್ತೆ ತೊಳೆದುಕೊಂಡೆ. ಮರುದಿನ ವಿಮಾನ ಹತ್ತುವವರೆಗೆ ಈ ಮನೆಯ ಒಂದು ಗುಟುಕು ನೀರು ಕುಡಿಯಲಿಲ್ಲ. ಮಾರನೆಯ ವರ್ಷ ಆ ಮಂಡಿಯಲ್ಲಿ ಅಳಿಯನ ಕೈ ಹಿಡಿದುಕೊಂಡು ಮತ್ತೆ ಗಯೆಗೆ ಹೋದೆ. ಬಂದು ಫೋನ್ ಮಾಡಿ, ‘ಹಣ್ಣು ಒಂದ್ಸಲ ಬಿಟ್ಟಾಗಿದೆ, ಅದನ್ನೇ ಮತ್ತೆ ಬಿಡಕ್ಕಾಗಲ್ಲ. ಈ ಸಲ ಕಲಾವತಿ ಕೈ ಅಡುಗೆ ಬಿಟ್ಟು ಬಂದಿದೀನಿ. ಅವಳ ಜೊತೆ ಮಾತೂ ಅದರಲ್ಲೇ ಸೇರ್ತು’ ಎಂದೆ. ಫೋನು ಸ್ಪೀಕರಿನಲ್ಲಿತ್ತು. ಕಲಾವತಿ ಪಾತ್ರೆ ಒರೆಸುತ್ತಿದ್ದಳು, ಒರೆಸಿ ಮುಗಿಸಿ ಮೇಲೆ ಹೋದಳು.

ಬಾಟಲಿಯ ವಿಷಯಕ್ಕೆ ಬರುತ್ತೇನೆ. ಸೇಬಿನ ಪಾತ್ರೆ ಇಳಿಸಿದ ಮೇಲೆ ಕಲಾವತಿ ನನಗೆ ಎರಡನೆಯ ಕೆಲಸ ಹೇಳಿದಳು. ಗರಾಜಿನಲ್ಲಿ ಬೇರೆ ಒಂದು ಸ್ಟೀಲ್ ಪಾತ್ರೆ, ಬೇರೆ ಮರದ ಸೌಟು ಇಟ್ಟಿದ್ದಳು. ಹೋದ ಎರಡು ವರ್ಷ ಅವಳು ಅದರಲ್ಲಿ ಬರೀ ಸಿಹಿಗುಂಬಳ ಕಾಯಿಸಿ ಒಂದು ಬಾಟಲಿ ತುಂಬಿ ಇಡುತ್ತಿದ್ದಳಂತೆ, ನೀನು ಎಂದಾದರೂ ಒಪ್ಪಿದರೆ ಕಳಿಸಲು. ನನಗೆ ಗೊತ್ತೇ ಇರಲಿಲ್ಲ. ಸೇಬು ಮುಟ್ಟದ ಪಾತ್ರೆ, ಸೇಬು ಮುಟ್ಟದ ಸೌಟು. ‘ನೀವೇ ಮಾಡಿ. ನಾನು ಹೇಳ್ತೀನಿ, ಮುಟ್ಟಲ್ಲ. ಅವರು ಬಿಟ್ಟಿರೋದು ನನ್ನ ಕೈ ಅಡುಗೆ ತಾನೆ, ನಿಮ್ಮದಲ್ಲವಲ್ಲ’ ಎಂದಳು. ಭಾನುವಾರ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು, ಕುಂಬಳಕಾಯಿ ಹೆಚ್ಚಿ ಮಾಡಿದೆ. ಬೆಲ್ಲ ಹಾಕಿದೆ, ಸಕ್ಕರೆಯಲ್ಲ. ಮುಚ್ಚಳ ಬಿಗಿಮಾಡುವಾಗ ಬಾಟಲಿಯನ್ನು ಒಂದು ಸಲ ಹಿಡಿದುಕೊಳ್ಳುತ್ತೀಯಾ ಎಂದು ಅವಳನ್ನು ಕೇಳಿದೆ, ಕೈ ಹಿಂದಕ್ಕೆ ಎಳೆದುಕೊಂಡಳು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಮುಟ್ಟದೆ ಈ ಮನೆಯಿಂದ ಹೊರಗೆ ಹೋಗುತ್ತಿರುವ ತಿನ್ನುವ ವಸ್ತು ಇದೊಂದೇ.

ನೀನು ಇದನ್ನು ತಿನ್ನಬೇಕೆಂದು ನಾನು ಕೇಳುವುದಿಲ್ಲ. ಒಂದು ಸಲ ಅವಳಿಗೆ ಫೋನ್ ಮಾಡು ಎಂದಷ್ಟೇ ಕೇಳುತ್ತೇನೆ. ಹೇಗಿದ್ದೀಯ ಕಲಾ ಎಂದರೆ ಸಾಕು, ಅವಳಿಗೆ ಜಾಸ್ತಿ ಮಾತಾಡುವ ಶಕ್ತಿಯೂ ಇಲ್ಲ. ನೀನು ಬಿಟ್ಟಿರುವುದರಲ್ಲಿ ಮಾತನ್ನು ವಾಪಸು ತೆಗೆದುಕೊಳ್ಳಲು ಶಾಸ್ತ್ರದಲ್ಲಿ ಏನಾದರೂ ದಾರಿಯಿದ್ದರೆ ಪುರೋಹಿತರನ್ನು ಕೇಳು. ಇಲ್ಲದಿದ್ದರೆ ಶಾಸ್ತ್ರವನ್ನು ಒಂದು ದಿನ ಹರಿಣಿಯ ಮನೆಯ ಅಟ್ಟದ ಮೇಲಿಡು. ನಿನಗೆ ಉಪದೇಶ ಮಾಡುವಷ್ಟು ದೊಡ್ಡವನಲ್ಲ ನಾನು. ಆದರೂ ಹೊಟ್ಟೆ ಉರಿಯುತ್ತದೆ, ಬರೆದುಬಿಟ್ಟೆ.

ಹರಿಣಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಸುರಭಿ ನಿನ್ನ ಕಾಲಿಗೆ ಬಿದ್ದೆ ಎಂದು ಬರೆಯಲು ಹೇಳಿದ್ದಾಳೆ. ನಿಕಿತಾ ಏನೂ ಹೇಳಲಿಲ್ಲ, ಅವಳಿಗೆ ಆ ದಿನದ್ದು ಇನ್ನೂ ಮನಸ್ಸಿನಲ್ಲಿದೆ, ತನ್ನಿಂದಲೇ ದೊಡ್ಡಜ್ಜಿ ಬರುವುದಿಲ್ಲ ಎಂದುಕೊಂಡಿದ್ದಾಳೆ. ನಿನ್ನ ಆರೋಗ್ಯ ಜೋಪಾನ.

ಐದು ಹೋಳು ತಿಂದ ನಿನ್ನ ತಮ್ಮ,
ಸತ್ಯಮೂರ್ತಿ

ತಾ.ಕ.: ಶನಿವಾರ ಸಂಜೆ. ಸೂಟ್‌ಕೇಸ್ ತೂಕ ಹಾಕಬೇಕೆಂದು ಗುರುಕಿರಣ್ ಬಾಗಿಲಲ್ಲಿ ನಿಂತಿದ್ದಾನೆ. ಬಾಟಲಿ ಕೊಟ್ಟೆ, ಲಕೋಟೆ ಕೊಡಲಾಗಲಿಲ್ಲ, ಒಡೆದು ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಬಾಟಲಿ ತೆರೆಯುವ ಮೊದಲು ಓದು. ಕುಂಬಳಕಾಯಿ ಎಂಬ ಸುಳ್ಳು ಕಲಾವತಿಯದಲ್ಲ, ನನ್ನದು. ಸೇಬೆಂದು ಗೊತ್ತಿದ್ದೇ ಮೇಲೆ ತಂದೆ. ‘ಬೇಡ ರೀ, ಅವರು ಗಯೇಲಿ ಬಿಟ್ಟಿದ್ದಾರೆ’ ಎಂದು ಅವಳು ನನ್ನ ಕೈಯಿಂದ ಬಟ್ಟಲು ಕಿತ್ತುಕೊಳ್ಳಲು ಮೆಟ್ಟಿಲವರೆಗೆ ಬಂದಳು. ನೀನು ತಿಂದು ಎದ್ದು ಕೂತಾಗ ನನಗೆ ಅಕ್ಕ ಉಳಿದಳು ಎನ್ನಿಸಿತು, ನಿಜ. ಅದರ ಜೊತೆಗೆ, ನೋಡು, ಏನೂ ಆಗಲಿಲ್ಲ, ನಾನು ಗೆದ್ದೆ ಎಂದೂ ಅನ್ನಿಸಿತು. ಭಾವನ ಸೇಬಿನ ಮೇಲೆ ಗೆದ್ದವನು ನಾನು. ತಪ್ಪನ್ನು ನಿನ್ನ ತಲೆಗೆ ಯಾಕೆ ಕಟ್ಟಿಕೊಂಡೆ ಎಂದು ನಿಕಿತಾ ಬಾಯಿಬಿಟ್ಟ ಸಂಜೆ ಅವಳನ್ನು ಕೇಳಿದ್ದಕ್ಕೆ, ‘ನನ್ನ ಮೇಲೆ ಸಿಟ್ಟಾದ್ರೆ ಅತ್ತಿಗೆ ನಾದಿನಿ ಜಗಳ ಅಂತ ಹೋಗುತ್ತೆ. ನಿಮ್ಮ ಮೇಲೆ ಸಿಟ್ಟಾದ್ರೆ ಅವರಿಗೆ ತವರೇ ಇರಲ್ಲ’ ಎಂದಳು. ನನಗೂ ಅದು ಅನುಕೂಲವಾಗಿತ್ತು, ಸುಮ್ಮನಿದ್ದೆ. ತಾನು ಸಾಯುವವರೆಗೆ ಹೇಳಬಾರದೆಂದು ಭಾಷೆ ತೆಗೆದುಕೊಂಡಿದ್ದಾಳೆ, ಅದನ್ನೀಗ ಮುರಿದೆ. ಈ ಬಾಟಲಿ ಅದೇ ಕೈಯಲ್ಲಿ ಮಾಡಿದ್ದು, ಗೊತ್ತಿಲ್ಲದೆ ನಿನಗೆ ಎರಡನೆಯ ಸಲ ತಿನ್ನಿಸಲಾರೆ. ಬೇಕಾದರೆ ಚರಂಡಿಗೆ ಸುರಿ. ಮುಂದಿನ ಸಲ ಗಯೆಗೆ ಹೋದರೆ ನನ್ನನ್ನೇ ಬಿಟ್ಟು ಬಾ, ತಕರಾರಿಲ್ಲ. ಆದರೆ ಫೋನ್ ಮಾಡು, ನನಗಲ್ಲ, ಅವಳ ನಂಬರಿಗೆ. ನಿನಗೆ ಬೆಳಿಗ್ಗೆ ಎಂಟು ಅಂದರೆ ನಮಗೆ ಸಂಜೆ ಏಳೂವರೆ, ಆಗ ಅವಳಿಗೆ ಎಚ್ಚರವಿರುತ್ತದೆ. ನಾನು ಹೇಳಿದ್ದು ಅವಳಿಗೆ ಗೊತ್ತಾಗಬಾರದು. ನೀನಾಗಿಯೇ ಅವಳನ್ನು ಕ್ಷಮಿಸಿದೆ ಎಂದು ತಿಳಿದುಕೊಂಡೇ ಅವಳು ಹೋಗಲಿ.